ಊರೊಳಗೆ ಹೊಲಸು ನೀರು ನುಗ್ಗಿದಾಗ



ಈ ಸಂಜೆ ನಾನು ಆಡಬೇಕೆಂದಿರುವ ಮಾತು ಊಟಕ್ಕೆ ಕುಳಿತವರು ಕೇಳತಕ್ಕ ಮಾತಲ್ಲ. ಎಲೆ ಮುಂದೆ ಕುಳಿತಿದ್ದರೆ ಊಟ ಮುಗಿಸಿಕೊಂಡು ಬನ್ನಿ, ಆಮೇಲೆ ಕೇಳಿ. ಕಕ್ಕಸಿನ ಗುಂಡಿ ಉಕ್ಕಿ, ಇಲ್ಲವೆ ಚರಂಡಿ ಕಟ್ಟಿಕೊಂಡು, ಹೊಲಸು ನೀರು ಊರೊಳಕ್ಕೆ ನುಗ್ಗಿದರೆ ನಾವು ಏನು ಮಾಡಬೇಕು ಎಂಬುದೇ ಆ ಮಾತು.

ಇದು ಪಟ್ಟಣದವರ ತಾಪತ್ರಯ ಎಂದು ಹಿಂದೆ ಹೇಳುತ್ತಿದ್ದೆವು. ಈಗ ಹಾಗಿಲ್ಲ. ಹಳ್ಳಿಹಳ್ಳಿಯಲ್ಲಿ ಮನೆಗೊಂದು ಕಕ್ಕಸು ಬಂದಿದೆ. ಬಂದದ್ದು ಬಹಳ ಒಳ್ಳೆಯದಾಯಿತು. ಆದರೆ ಕಕ್ಕಸಿನ ಗೋಡೆ ಎಬ್ಬಿಸುವಾಗ ಇದ್ದ ಉತ್ಸಾಹ ಗುಂಡಿ ತೋಡುವಾಗ ಎಲ್ಲರಿಗೂ ಇರಲಿಲ್ಲ. ಎಷ್ಟೋ ಹಿತ್ತಲಿನಲ್ಲಿ ಬಾವಿಗೂ ಗುಂಡಿಗೂ ನಡುವೆ ನಾಲ್ಕು ಮಾರು ದೂರವಿಲ್ಲ. ಗುಂಡಿಯ ಮೇಲೊಂದು ಚಪ್ಪಡಿ, ಚಪ್ಪಡಿಯ ಮೇಲೆ ತುಳಸಿಯೋ ಮಲ್ಲಿಗೆಯೋ ನೆಟ್ಟ ಕುಂಡ. ಹತ್ತು ವರ್ಷದಿಂದ ಅದನ್ನು ಯಾರೂ ತೆರೆದು ನೋಡಿರುವುದಿಲ್ಲ. ಆಷಾಢದ ಮಳೆ ಮೂರು ದಿನ ಬಿಡದೆ ಹಿಡಿಯಿತೆನ್ನಿ, ನೆಲದೊಳಗಿನ ನೀರು ಮೇಲಕ್ಕೆ ಬರುತ್ತದೆ, ಗುಂಡಿಯ ನೀರು ಇಂಗಲು ಜಾಗವಿಲ್ಲದೆ ಉಕ್ಕುತ್ತದೆ. ಇನ್ನು ಕೆಲವು ಕಡೆ ಗುಂಡಿ ಹೀರುವ ಟ್ಯಾಂಕರಿನವನು ರಾತ್ರಿ ಹೊತ್ತು ಹಳ್ಳದ ದಂಡೆಗೆ ಸುರಿದು ಹೋಗಿಬಿಡುತ್ತಾನೆ. ಪೇಟೆಯ ಕೆಳಗಣ ಊರುಗಳಲ್ಲಂತೂ ಪೇಟೆಯ ಕಾಲುವೆಯೇ ಏರಿ ಒಡೆದು ಗದ್ದೆಗೆ ಬರುತ್ತದೆ.

ಬಂದಾಗ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನಾಲ್ಕು ದಿನ ಬಿಸಿಲು ಬಿದ್ದರೆ ವಾಸನೆ ಹೋಗುತ್ತದೆ. ವಾಸನೆ ಹೋದದ್ದೇ ಅಪಾಯವೂ ಹೋಯಿತೆಂದು ತಿಳಿದು ನಾವು ನಮ್ಮ ನಮ್ಮ ಕೆಲಸಕ್ಕೆ ಹೊರಡುತ್ತೇವೆ. ಎಡವುವುದು ಅಲ್ಲಿಯೇ. ರೋಗ ಮೂಗಿಗೆ ಹೇಳಿ ಬರುವುದಿಲ್ಲ. ಕೆಟ್ಟ ನೀರು ಹೊಟ್ಟೆಗೆ ಹೋದ ಮೇಲೆ ಕಾಲರಾ ವಾಂತಿಭೇದಿ ಕೆಲವೇ ಗಂಟೆಯಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಸಾಮಾನ್ಯವಾಗಿ ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ. ಕಾಮಾಲೆ ಎರಡು ವಾರದಿಂದ ಹತ್ತು ವಾರದ ತನಕ ಸುಮ್ಮನೆ ಒಳಗೆ ಕುಳಿತಿರಬಲ್ಲುದು. ಆಷಾಢದಲ್ಲಿ ಹರಿದ ಹೊಲಸಿಗೆ ಗೌರಿಹಬ್ಬದಲ್ಲಿ ಕಣ್ಣು ಹಳದಿಯಾದರೆ ಎರಡಕ್ಕೂ ಸಂಬಂಧವುಂಟೆಂದು ಯಾರು ನೆನೆಸುತ್ತಾರೆ?

ಹಾಗಾದರೆ ಮೊದಲು ಮಾಡಬೇಕಾದ್ದೇನು? ಗುದ್ದಲಿ ಹುಡುಕುವುದಲ್ಲ. ಬಾಯಿ ಬಿಟ್ಟು ಹೇಳುವುದು. ನಗಬೇಡಿ, ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಯಾರ ಮನೆಯ ಗುಂಡಿ ಒಡೆಯಿತೋ ಆ ಮನೆಯವರಿಗೆ ನಾಚಿಕೆ. ಹೆಣ್ಣು ನೋಡಲು ಬರುವವರಿದ್ದಾರೆ, ನೆಂಟರು ಬರುವವರಿದ್ದಾರೆ ಎಂದು ಮೇಲೊಂದು ಪುಟ್ಟಿ ಮಣ್ಣು ಚೆಲ್ಲಿ ಸುಮ್ಮನಾಗುತ್ತಾರೆ. ಪಕ್ಕದ ಮನೆಯವರಿಗೆ ಸಿಟ್ಟು; ಅವರು ಹಳೆಯ ಜಗಳವನ್ನೆಲ್ಲ ಇದಕ್ಕೇ ತಂದು ಸೇರಿಸುತ್ತಾರೆ. ಈ ಎರಡರ ನಡುವೆ ಊರಿನ ಬಾವಿಯನ್ನು ಕಾಯುವವರು ಯಾರು?

ಮುಚ್ಚಿಟ್ಟರೆ ಏನಾಗುತ್ತದೆಂಬುದಕ್ಕೆ ದೂರದ ಒಂದು ಊರಿನ ಸಂಗತಿ ಹೇಳುತ್ತೇನೆ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ವಾಕರ್ಟನ್ ಎಂಬ ಸಣ್ಣ ಊರಿದೆ. ಸುಮಾರು ಐದು ಸಾವಿರ ಜನ. ಸುತ್ತ ದನ ಸಾಕುವ ರೈತರ ಹೊಲಮನೆಗಳು. 2000ನೆಯ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ಭಾರಿ ಮಳೆ ಹಿಡಿಯಿತು. ಹತ್ತಿರದ ಹೊಲವೊಂದಕ್ಕೆ ಹಾಕಿದ್ದ ಸಗಣಿ ಗೊಬ್ಬರದ ರೋಗಾಣುಗಳು ಮಳೆನೀರಿನೊಡನೆ ಇಳಿದು ಊರಿಗೆ ನೀರು ಕೊಡುತ್ತಿದ್ದ, ಹೆಚ್ಚು ಆಳವಿಲ್ಲದ ಒಂದು ಬಾವಿಯನ್ನು ಸೇರಿದವು. ಆ ನೀರಿಗೆ ಸಾಕಷ್ಟು ಕ್ಲೋರಿನ್ ಬೀಳುತ್ತಿರಲಿಲ್ಲ. ಮೇ 17ರಂದು ಪ್ರಯೋಗಶಾಲೆಯಿಂದ ನೀರು ಕೆಟ್ಟಿದೆ ಎಂಬ ವರದಿ ಬಂತು. ನೀರಿನ ಉಸ್ತುವಾರಿ ನೋಡುತ್ತಿದ್ದಾತ ಅದನ್ನು ಮಡಚಿ ಇಟ್ಟುಕೊಂಡ. ಆರೋಗ್ಯ ಇಲಾಖೆಯವರು ಕೇಳಿದಾಗಲೂ ನೀರು ಚೆನ್ನಾಗಿದೆಯೆಂದೇ ಹೇಳಿದ. ನೀರು ಕುದಿಸಿ ಕುಡಿಯಿರಿ ಎಂಬ ಎಚ್ಚರಿಕೆ ಊರಿಗೆ ಸಿಕ್ಕಿದ್ದು 21ರಂದು. 2,300ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, 7 ಮಂದಿ ತೀರಿಕೊಂಡರು. ಆಮೇಲೆ ಕುಳಿತ ವಿಚಾರಣೆಯಲ್ಲಿ ಎರಡು ಸಂಗತಿ ತೀರ್ಮಾನವಾಯಿತು. ಗೊಬ್ಬರ ಹಾಕಿದ ರೈತನದು ತಪ್ಪಿಲ್ಲ, ಅವನು ಸರಿಯಾದ ಕ್ರಮದಲ್ಲೇ ಹಾಕಿದ್ದ, ಇದು ಒಂದು. ವರದಿಯನ್ನು ಬಂದ ಕೂಡಲೇ ಹೇಳಿದ್ದರೆ 300ರಿಂದ 400 ಮಂದಿಗೆ ಕಾಯಿಲೆ ತಪ್ಪುತ್ತಿತ್ತು, ಇದು ಇನ್ನೊಂದು. ಹೊಲಸು ಬಿದ್ದದ್ದು ಮಳೆಯಿಂದ. ಆ ಮುನ್ನೂರು ನಾನ್ನೂರು ಮಂದಿ ಮಲಗಿದ್ದು ಮೌನದಿಂದ.

ಆದ್ದರಿಂದ ಹೊಲಸು ಕಂಡ ಗಳಿಗೆಯಲ್ಲೇ ನೀರುಗಂಟಿಗೆ ಹೇಳಿ, ಪಂಚಾಯಿತಿಗೆ ಹೇಳಿ, ಆಶಾ ಕಾರ್ಯಕರ್ತೆಗೆ ಹೇಳಿ, ಶಾಲೆ ಮತ್ತು ಅಂಗನವಾಡಿಗೆ ಹೇಳಿ. ಮೈಕಿನಲ್ಲಿ ಸಾರಿಸಿ, ಮೊಬೈಲಿನಲ್ಲಿ ಕಳಿಸಿ, ಯಾವುದಾದರೂ ಸರಿ. ಯಾರ ಗುಂಡಿ ಎಂಬುದನ್ನು ಸಾರುವ ಅಗತ್ಯವಿಲ್ಲ. ಯಾವ ಬಾವಿ, ಯಾವ ನಲ್ಲಿ ಮುಟ್ಟಬಾರದು ಎಂಬುದನ್ನು ಸಾರಿದರೆ ಸಾಕು. ಜಗಳ ಆಮೇಲೆ ಆಡಿಕೊಳ್ಳಬಹುದು, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ನೀರುಗಂಟಿಗೆ ಮೊದಲು ಹೇಳಿ ಎಂದದ್ದಕ್ಕೆ ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಕೊಳವೆ ನೀರು ಇಪ್ಪತ್ತನಾಲ್ಕು ಗಂಟೆ ಹರಿಯುವುದಿಲ್ಲ. ಬೆಳಿಗ್ಗೆ ಒಂದು ಗಂಟೆ ಬಿಡುತ್ತಾರೆ, ನಿಲ್ಲಿಸುತ್ತಾರೆ. ನೀರು ತುಂಬಿ ಒತ್ತಡದಲ್ಲಿ ಹರಿಯುವಾಗ ಕೊಳವೆಯಲ್ಲಿ ಬಿರುಕಿದ್ದರೆ ನೀರು ಹೊರಕ್ಕೆ ಚಿಮ್ಮುತ್ತದೆ. ನಿಂತಾಗಲೋ, ಖಾಲಿ ಕೊಳವೆ ಬಾಯಾರಿದ ದನದ ಹಾಗೆ ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಷ್ಟೋ ಬೀದಿಗಳಲ್ಲಿ ನಲ್ಲಿ ಕೊಳವೆ ಚರಂಡಿಯೊಳಗೇ ಹಾದು ಹೋಗಿದೆ, ನೀವೇ ನೋಡಿದ್ದೀರಿ. ಸುತ್ತ ಹೊಲಸು ನಿಂತಿರುವಾಗ ಅದು ಎಳೆದುಕೊಳ್ಳುವುದು ಏನನ್ನು? ಆ ಬೀದಿಯ ವಾಲ್ವು ಮುಚ್ಚಿಸಿ, ಒಡಕು ಸರಿಮಾಡಿ, ಕೊಳವೆ ತೊಳೆದು, ಕ್ಲೋರಿನ್ ನೋಡುವ ತನಕ ಆ ನಲ್ಲಿಯ ನೀರು ಬೇಡ. ಅಷ್ಟು ದಿನ ಪಂಚಾಯಿತಿಯವರು ಬೇರೆ ಕಡೆಯಿಂದ ನೀರು ತರಿಸಿಕೊಡಲಿ.

ಇನ್ನು ಗುದ್ದಲಿ ಹಿಡಿಯಬಹುದು. ಮೊದಲು ಹೊಲಸು ಹುಟ್ಟುವ ಜಾಗ ನಿಲ್ಲಬೇಕು. ಉಕ್ಕಿದ ಗುಂಡಿಯ ಕಕ್ಕಸನ್ನು ಬಳಸಬಾರದು, ಬಚ್ಚಲ ನೀರನ್ನೂ ಅದಕ್ಕೆ ಬಿಡಬಾರದು. ಆಮೇಲೆ ಬದು. ಗದ್ದೆಗೆ ಬದು ಹಾಕಿ ಬೆಳೆದ ನಿಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೀರು ಎತ್ತ ವಾಲುತ್ತದೆ ಎಂದು ನೋಡಿ ಬಾವಿಯ ಕಡೆ, ಕೆರೆಯ ಕಡೆ, ಹಳ್ಳದ ಕಡೆ ಮಣ್ಣಿನ ಏರಿ ಹಾಕಿ. ಗೊಬ್ಬರದ ಚೀಲಕ್ಕೆ ಮರಳು ತುಂಬಿ ಸಾಲಾಗಿ ಇಟ್ಟರೂ ನಡೆಯುತ್ತದೆ. ಇಳಿಜಾರಿನಲ್ಲಿ ಒಂದು ತಗ್ಗು ತೋಡಿ ಅಲ್ಲಿಗೆ ತಿರುಗಿಸಿ. ಕೊಡಗಟ್ಟಲೆ ನೀರು ಹೊಯ್ದು ತೊಳೆಯುವುದಕ್ಕೆ ಮಾತ್ರ ಹೋಗಬೇಡಿ. ನಿಮ್ಮ ಅಂಗಳ ಚೊಕ್ಕಟವಾಗುತ್ತದೆ, ಹೊಲಸು ಪಕ್ಕದ ಕೇರಿಯ ಬಾವಿಗೆ ಹೋಗುತ್ತದೆ. ಕೆಲಸಕ್ಕೆ ಇಳಿಯುವವರು ಮೊಣಕಾಲ ತನಕ ಬೂಟು, ಕೈಗೆ ರಬ್ಬರಿನ ಚೀಲ ಹಾಕಿಕೊಳ್ಳಿ. ಕೈಕಾಲಿನಲ್ಲಿ ಗಾಯವಿದ್ದವರು ದೂರವಿರಲಿ. ಮಕ್ಕಳನ್ನೂ ಕೋಳಿಯನ್ನೂ ಆ ಕಡೆ ಬಿಡಬೇಡಿ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಗುಂಡಿಯೊಳಕ್ಕೆ ಯಾರೂ ಇಳಿಯಬಾರದು. ಯಾರನ್ನೂ ಇಳಿಸಬಾರದು. ಗುಂಡಿ ಕಟ್ಟಿಕೊಂಡರೆ ಊರಾಚೆಯ ಕೇರಿಯಿಂದ ಒಬ್ಬನನ್ನು ಕರೆದು, ಒಂದಿಷ್ಟು ಹೆಂಡ ಕುಡಿಸಿ, ಐನೂರು ರೂಪಾಯಿ ಕೈಗಿಟ್ಟು ಇಳಿಸುವ ಪದ್ಧತಿ ಸತ್ತಿದೆಯೆಂದು ನನಗೆ ಧೈರ್ಯವಾಗಿ ಹೇಳಲು ಬಾರದು. ಆ ಗುಂಡಿಯೊಳಗೆ ಕೊಳೆತ ಮೊಟ್ಟೆಯ ವಾಸನೆಯ ಒಂದು ಗಾಳಿ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಎನ್ನುತ್ತಾರೆ. ಕಡಮೆ ಇದ್ದಾಗ ವಾಸನೆ ಬರುತ್ತದೆ. ಹೆಚ್ಚಾದರೆ ಮೂಗೇ ಸತ್ತು ವಾಸನೆ ಗೊತ್ತಾಗುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಎರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಹೋದ ತಮ್ಮನೂ ಬೀಳುತ್ತಾನೆ. ಲಾಂದ್ರ ಇಳಿಬಿಟ್ಟು ನೋಡುವ ಹಳೆಯ ಉಪಾಯವನ್ನು ಇಲ್ಲಿ ಮಾಡಲೇಬಾರದು. ಅಲ್ಲಿ ಉರಿಯುವ ಗಾಳಿಯೂ ಇರುತ್ತದೆ, ಹೊತ್ತಿಕೊಂಡೀತು. 2013ರ ಕಾಯಿದೆಯ ಪ್ರಕಾರ ಮನುಷ್ಯನನ್ನು ಹೀಗೆ ಗುಂಡಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದ ತನಕ ಸೆರೆ, ಎರಡು ಲಕ್ಷ ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ಚರಂಡಿಯಲ್ಲಿ ಸತ್ತವರ ಮನೆಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದೆ. ಹೀರುವ ಯಂತ್ರ ಬರುವ ತನಕ ಕಾಯಿರಿ. ಎರಡು ದಿನ ವಾಸನೆ ಸಹಿಸಿದರೆ ಯಾರೂ ಸಾಯುವುದಿಲ್ಲ.

ಹರಿದ ಹೊಲಸಿನ ಮೇಲೆ ಒಣಮಣ್ಣು, ಬೂದಿ, ಮರದ ಹೊಟ್ಟು ಚೆಲ್ಲಿ. ಅದು ಹೀರಿಕೊಂಡು ಗಟ್ಟಿಯಾದ ಮೇಲೆ ಸಲಿಕೆಯಿಂದ ಎತ್ತಿ, ನೀರಿನ ತಾವಿನಿಂದ ದೂರವಿರುವ ಎತ್ತರದ ಜಾಗದ ಗುಂಡಿಗೆ ಹಾಕಿ, ಸುಣ್ಣ ಉದುರಿಸಿ, ಮೇಲೆ ಒಂದೂವರೆ ಅಡಿ ಮಣ್ಣು ಮುಚ್ಚಿ. ಎತ್ತಿದ ಜಾಗಕ್ಕೂ ಸುಣ್ಣ ಹಾಕಿ ಬಿಸಿಲಿಗೆ ಬಿಡಿ. ಸುಣ್ಣ ಎರಚುವಾಗ ಗಾಳಿ ನೋಡಿಕೊಳ್ಳಿ, ಕಣ್ಣಿಗೆ ಬಿದ್ದರೆ ಕಣ್ಣು ಹೋದೀತು.

ಬ್ಲೀಚಿಂಗ್ ಪುಡಿ ಏಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೇಳುತ್ತೇನೆ. ಊರಿಗೆ ಸಾಹೇಬರು ಬರುತ್ತಾರೆಂದರೆ ಚರಂಡಿಯ ಎರಡು ಅಂಚಿಗೂ ಬಿಳಿಯ ಗೆರೆ ಎಳೆದಂತೆ ಪುಡಿ ಉದುರಿಸುತ್ತಾರಲ್ಲ, ಅದು ಕಣ್ಣಿಗೆ ಮದ್ದೇ ಹೊರತು ರೋಗಕ್ಕಲ್ಲ. ಆ ಪುಡಿಯಲ್ಲಿರುವ ಕ್ಲೋರಿನ್ ಹೊಲಸನ್ನು ಕಂಡೊಡನೆ ಅದರೊಂದಿಗೇ ಕಾದಾಡಿ ಮುಗಿದುಹೋಗುತ್ತದೆ. ರೋಗಾಣುವಿನ ತನಕ ಹೋಗಲು ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ. ಬ್ಲೀಚಿಂಗ್ ಪುಡಿ ಏನಿದ್ದರೂ ತೊಳೆದ ಮೇಲಿನ ಮದ್ದು. ಸಿಮೆಂಟಿನ ನೆಲ, ಕಲ್ಲುಚಪ್ಪಡಿ, ಸಲಿಕೆ, ಬೂಟುಗಳನ್ನು ಮೊದಲು ಸೋಪಿನಿಂದ ಉಜ್ಜಿ. ಆಮೇಲೆ ಲೀಟರು ನೀರಿಗೆ 20 ಗ್ರಾಂ ಪುಡಿ ಕದಡಿ ಬಳಿದು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ಡಿನ ಜೊತೆಗೆ ಇದನ್ನು ಬೆರೆಸಬೇಡಿ, ಉಸಿರು ಕಟ್ಟಿಸುವ ವಿಷದ ಗಾಳಿ ಏಳುತ್ತದೆ. ಪುಡಿಯನ್ನು ಉಳಿಸುವುದು ಬಾವಿಗಾಗಿ.

ಬಾವಿಗೆ ಬರೋಣ. ಹೊಲಸು ಒಳಗೆ ಬಿದ್ದದ್ದು ಕಣ್ಣಿಗೆ ಕಂಡಿದ್ದರೂ ಸರಿ, ಬರಿಯ ಅನುಮಾನವಾದರೂ ಸರಿ, ಅಂದಿನಿಂದಲೇ ಹಗ್ಗ ರಾಟೆ ತೆಗೆದು ಕಟ್ಟೆಯ ಮೇಲೆ ಮುಳ್ಳು ಹಾಕಿ. ಪಂಪಿದ್ದರೆ ಸಾಧ್ಯವಾದಷ್ಟು ನೀರನ್ನು ಎತ್ತಿ ತೆಂಗಿನ ಪಾತಿಗೋ ಬೀಳು ನೆಲಕ್ಕೋ ಬಿಡಿ, ಕೆರೆಗೆ ಬಿಡಬೇಡಿ. ಮಳೆಗಾಲದಲ್ಲಿ ಬಾವಿ ಬತ್ತುವುದಿಲ್ಲ, ಬತ್ತಿಸುವ ಹಟವೂ ಬೇಡ. ಉಳಿದ ನೀರಿನ ಲೆಕ್ಕ ಹಾಕೋಣ. ಬಾವಿಯ ಅಗಲವನ್ನು ಅಡಿಯಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ನೀರಿನ ಆಳದಿಂದ ಗುಣಿಸಿ. ಅದನ್ನು 22ರಿಂದ ಗುಣಿಸಿದರೆ ಹೆಚ್ಚುಕಡಮೆ ಎಷ್ಟು ಲೀಟರೆಂದು ಸಿಕ್ಕುತ್ತದೆ. ಆರು ಅಡಿ ಅಗಲ, ಹತ್ತು ಅಡಿ ನೀರು ಎನ್ನಿ. ಆರಾರಲ ಮೂವತ್ತಾರು, ಹತ್ತರಿಂದ 360, ಅದು ಇಪ್ಪತ್ತೆರಡರಿಂದ 7,920. ಎಂಟು ಸಾವಿರ ಲೀಟರೆಂದು ಹಿಡಿಯಿರಿ. ಸಾವಿರ ಲೀಟರಿಗೆ 200 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಎಂದರೆ 1 ಕಿಲೋ 600 ಗ್ರಾಂ ಬೇಕು. ಪುಡಿಯನ್ನು ಹಾಗೆಯೇ ಸುರಿಯಬೇಡಿ. ಬಕೀಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮತ್ತೆ ನೀರು ತುಂಬಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಬಾವಿಗೆ ಹೊಯ್ದು, ಕೊಡ ಬಿಟ್ಟು ಮೇಲೆ ಕೆಳಗೆ ಆಡಿಸಿ ಚೆನ್ನಾಗಿ ಬೆರೆಸಿ. ಒಂದು ರಾತ್ರಿ, ಹನ್ನೆರಡು ಗಂಟೆ ಬಿಡಿ. ಈ ನೀರನ್ನು ದನಕ್ಕೂ ಕುಡಿಸಬಾರದು. ಮರುದಿನ ಕ್ಲೋರಿನ್ನಿನ ಘಾಟು ಹೋಗುವ ತನಕ ನೀರು ಎತ್ತಿ ಚೆಲ್ಲಿ.

ಅಲ್ಲಿಂದ ಮುಂದೆ ದಿನದ ಮದ್ದು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ಇದೇ ಬಾವಿಗೆ 20 ಗ್ರಾಂ. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಅನುಕೂಲ. ಕಡಮೆಯೆಂದರೆ ಒಂದು ಗಂಟೆ ಬಿಡಲೇಬೇಕು. ಸೇದಿದ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡುವ ಸಣ್ಣ ಪೆಟ್ಟಿಗೆ ಪಂಚಾಯಿತಿಯಲ್ಲಿರುತ್ತದೆ. ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದಿದ್ದರೆ ಮದ್ದು ಸಾಕಾಗಿದೆ, ಇಲ್ಲದಿದ್ದರೆ ಮತ್ತಷ್ಟು ಹಾಕಬೇಕು. ಪುಡಿಯ ಚೀಲದ ಬಾಯಿ ತೆರೆದಿಟ್ಟು ತಿಂಗಳಾಗಿದ್ದರೆ ಅದು ಪುಡಿಯಲ್ಲ, ಬರಿಯ ಸುಣ್ಣ. ನೀರನ್ನು ಪರೀಕ್ಷಿಸುವ ಸೀಸೆಯೂ ಉಂಟು. ನೀರು ತುಂಬಿ ಬೆಚ್ಚಗೆ ಇಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಹೊಲಸಿನ ರೋಗಾಣು ಇವೆಯೆಂದು ಶಂಕಿಸಬೇಕು. ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಇಂಥ ಪರೀಕ್ಷೆ ಕಲಿಸಬೇಕೆಂದು ಗೊತ್ತುಮಾಡಿದ್ದಾರೆ. ನಿಮ್ಮ ಊರಿನಲ್ಲಿ ಆ ಐವರು ಯಾರೆಂದು ಕೇಳಿ ನೋಡಿ. ಉತ್ತರ ಬಾರದಿದ್ದರೆ ಗ್ರಾಮಸಭೆಯಲ್ಲಿ ಇನ್ನೊಮ್ಮೆ ಕೇಳಿ.

ಮದ್ದು ಹಾಕಿದೆವಲ್ಲ, ಇನ್ನು ಕುದಿಸುವುದು ಏಕೆ, ಸೌದೆ ಎಲ್ಲಿಂದ ತರಲಿ ಎಂದು ತಾಯಂದಿರು ಕೇಳಬಹುದು. ಅದಕ್ಕೆ ದಿಲ್ಲಿಯಲ್ಲಿ ನಡೆದದ್ದನ್ನು ಕೇಳಿ. 1955ರ ನವೆಂಬರಿನಲ್ಲಿ ಯಮುನೆಯ ಹರಿವು ಬದಲಾಗಿ, ನಜಫ್‌ಗಡದ ನಾಲೆಯ ಹೊಲಸು ಹಿಂದಕ್ಕೆ ತಿರುಗಿ, ಪಟ್ಟಣಕ್ಕೆ ನೀರೆತ್ತುವ ವಜೀರಾಬಾದಿನ ಜಾಗಕ್ಕೇ ಬಂದು ಸೇರಿತು. ಅಲ್ಲಿನ ಎಂಜಿನಿಯರರು ಸುಮ್ಮನೆ ಕುಳಿತಿರಲಿಲ್ಲ, ಕ್ಲೋರಿನ್ ಹೆಚ್ಚಿಸಿದರು. ಟೈಫಾಯ್ಡು ಹೆಚ್ಚಲಿಲ್ಲ. ಎಲ್ಲರೂ ಗೆದ್ದೆವೆಂದುಕೊಂಡರು. ವಾರಗಳು ಕಳೆದವು. ಡಿಸೆಂಬರಿನಲ್ಲಿ ಕಾಮಾಲೆ ಎದ್ದಿತು. ಜನವರಿ ಮುಗಿಯುವುದರೊಳಗೆ ಸುಮಾರು 29,000 ಮಂದಿಗೆ ಕಣ್ಣು ಹಳದಿಯಾಯಿತು. ಕ್ಲೋರಿನ್ನಿಗೆ ಬ್ಯಾಕ್ಟೀರಿಯಾಗಳು ಸತ್ತಿದ್ದವು, ಆ ಕದಡಿದ ನೀರಿನಲ್ಲಿ ವೈರಸ್ಸು ಉಳಿದುಕೊಂಡಿತ್ತು. ಅದನ್ನು ಈಗ ಹೆಪಟೈಟಿಸ್ ಈ ಎನ್ನುತ್ತಾರೆ. ಗಟ್ಟಿಮುಟ್ಟಾದ ಆಳಿಗೆ ಅದು ಬಂದು ಹೋಗುವ ಕಾಯಿಲೆ. ಆದರೆ ಬಸುರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಬಂದರೆ, ನಾಲ್ಕೈದು ಮಂದಿಯಲ್ಲಿ ಒಬ್ಬರ ಜೀವವನ್ನೇ ತೆಗೆದುಕೊಂಡು ಹೋಗಬಲ್ಲುದು.

ಆದುದರಿಂದ ಹೊಲಸು ನುಗ್ಗಿದ ಊರಿನಲ್ಲಿ ಬಸುರಿ ಬಾಣಂತಿಯರು, ಎಳೆಯ ಮಕ್ಕಳು, ಮುದುಕರು ಹತ್ತು ವಾರ ಕುದಿಸಿದ ನೀರನ್ನೇ ಕುಡಿಯಲಿ. ಎಲ್ಲರೂ ಕುಡಿದರೆ ಇನ್ನೂ ಮೇಲು. ಹಂಡೆಗಟ್ಟಲೆ ಅರ್ಧ ಗಂಟೆ ಕುದಿಸಬೇಕಾಗಿಲ್ಲ. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಬಸುರಿ ಮಗಳನ್ನು ತವರಿಗೆ ಕಳಿಸುವುದಿದ್ದರೆ ತವರಿನ ನೀರು ಹೇಗಿದೆಯೆಂದು ವಿಚಾರಿಸಿ ಕಳಿಸಿ. ಸೌದೆಯೂ ಇಲ್ಲ, ಗ್ಯಾಸೂ ಇಲ್ಲವೆಂದಾದರೆ ಕಡೆಯ ಉಪಾಯ ಬಿಸಿಲು. ಬಣ್ಣವಿಲ್ಲದ ಪ್ಲಾಸ್ಟಿಕ್ ಸೀಸೆಗೆ ತಿಳಿನೀರು ತುಂಬಿ, ಹೆಂಚಿನ ಮೇಲೆ ಮಲಗಿಸಿ ಆರು ಗಂಟೆ ಬಿಸಿಲಿಗಿಡಿ. ಮೋಡವಿದ್ದರೆ ಎರಡು ದಿನ. ಕದಡಿದ ನೀರಿಗೆ ಈ ಉಪಾಯ ನಡೆಯುವುದಿಲ್ಲ.

ಈಗ ಹೊಲದ ಮಾತು. ಹೊಲಸು ಗದ್ದೆಗೆ ಬಂದರೆ ಬರಲಿ ಬಿಡಿ, ಗೊಬ್ಬರವೇ ತಾನೆ ಎಂದು ಹೇಳುವವರಿದ್ದಾರೆ. ಟ್ಯಾಂಕರಿನವನಿಗೆ ದುಡ್ಡು ಕೊಟ್ಟು ತೋಟಕ್ಕೆ ಬಿಡಿಸಿಕೊಳ್ಳುವವರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮಲದಲ್ಲಿ ಸಾರಜನಕವುಂಟು, ರಂಜಕವುಂಟು. ಎರಡು ಗುಂಡಿಯ ಕಕ್ಕಸಿನಲ್ಲಿ ಒಂದನ್ನು ಮುಚ್ಚಿ ಎರಡು ವರ್ಷ ಬಿಟ್ಟರೆ ಅದು ಮಣ್ಣಿನಂಥ ಒಳ್ಳೆಯ ಗೊಬ್ಬರವಾಗುತ್ತದೆ. ಆದರೆ ಹಸಿಯದು ಗೊಬ್ಬರವಲ್ಲ. ಅದರಲ್ಲಿರುವ ದುಂಡುಜಂತಿನ ಮೊಟ್ಟೆ ತೇವದ ನೆಲದಲ್ಲಿ ವರ್ಷಕ್ಕೂ ಮೇಲ್ಪಟ್ಟು ಬದುಕಿರಬಲ್ಲುದು. ಹಂದಿಯ ಲಾಡಿಹುಳುವಿನ ಮೊಟ್ಟೆ ಇನ್ನೂ ಕೆಟ್ಟದ್ದು. ಅದು ಹೊರಬರುವುದು ಮನುಷ್ಯನ ಮಲದಲ್ಲಿ. ಸೊಪ್ಪಿನ ಮೇಲೆ ಕುಳಿತು ಹೊಟ್ಟೆಗೆ ಹೋದರೆ ಮರಿ ಮಿದುಳಿಗೆ ಏರಿ ಮೂರ್ಛೆರೋಗ ತರುತ್ತದೆ. ಹಂದಿಮಾಂಸವನ್ನು ಜನ್ಮದಲ್ಲಿ ಮುಟ್ಟದವರಿಗೂ ಹೀಗೆ ಮೂರ್ಛೆ ಬರುವುದುಂಟು.

ಹೊಲಸು ತಾಗಿದ ಕೊತ್ತಂಬರಿ, ಮೆಂತ್ಯ, ಮೂಲಂಗಿ, ಸೌತೆ, ಗಜ್ಜರಿಗಳನ್ನು ಕಿತ್ತು ಮಾರಬೇಡಿ. ಹೊಟ್ಟೆ ಉರಿಯುತ್ತದೆ, ನನಗೂ ಗೊತ್ತು. ಒಂದು ಮಡಿ ಕೊತ್ತಂಬರಿಯ ಹಿಂದೆ ಒಂದು ತಿಂಗಳ ದುಡಿಮೆ ಇರುತ್ತದೆ. ಆದರೂ ಉತ್ತು ಮಣ್ಣಿಗೆ ಸೇರಿಸಿ. ಉಳುವ ಮೊದಲು ಫೋಟೋ ತೆಗೆದಿಟ್ಟುಕೊಂಡು ಗ್ರಾಮಲೆಕ್ಕಿಗರಿಗೂ ಕೃಷಿ ಅಧಿಕಾರಿಗಳಿಗೂ ತೋರಿಸಿ. ಪೇಟೆಯ ಕಾಲುವೆ ಒಡೆದು ಬಂದ ನಷ್ಟವಾದರೆ ಅದನ್ನು ಬರವಣಿಗೆಯಲ್ಲೇ ಕೇಳಬೇಕು. ಆ ನೆಲದಲ್ಲಿ ಮುಂದಿನ ಒಂದೂವರೆ ವರ್ಷ ಹಸಿಯಾಗಿ ತಿನ್ನುವ ತರಕಾರಿ ಬೇಡ. ರಾಗಿ, ಜೋಳ, ಮುಸುಕಿನ ಜೋಳ, ಹತ್ತಿ ಏನಾದರೂ ಆಗಲಿ. ತೆಂಗು, ಅಡಿಕೆ, ಮಾವಿಗೆ ಬುಡದಲ್ಲಿ ನಿಂತ ಹೊಲಸಿನಿಂದ ಫಲ ಕೆಡುವುದಿಲ್ಲ, ನೆಲಕ್ಕೆ ಬಿದ್ದ ಹಣ್ಣನ್ನು ಮಾತ್ರ ಬಿಟ್ಟುಬಿಡಿ. ಬತ್ತದ ಗದ್ದೆಗೆ ನುಗ್ಗಿದ್ದರೆ ಮೇಲಿನಿಂದ ಒಳ್ಳೆಯ ನೀರು ಕಟ್ಟಿ ತೆಳುವಾಗಿಸಿ, ಮೇಲುಗೊಬ್ಬರದ ಯೂರಿಯಾ ಕಡಮೆ ಮಾಡಿ, ಇಲ್ಲದಿದ್ದರೆ ಪೈರು ಬರಿಯ ಹಸುರಾಗಿ ಬೆಳೆದು ಮಲಗುತ್ತದೆ. ಕಳೆ ಕೀಳಲು ಇಳಿಯುವ ಹೆಂಗಸರಿಗೆ ಒಂದೆರಡು ವಾರ ಬಿಡುವು ಕೊಡಿ.

ದನಗಳನ್ನು ಆ ಹುಲ್ಲಿಗೆ ಒಂದು ತಿಂಗಳು ಬಿಡಬೇಡಿ. ಹೊಲಸು ತುಳಿದು ಬಂದ ಎಮ್ಮೆಯ ಕೆಚ್ಚಲನ್ನು ಒಳ್ಳೆಯ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರಸಿ, ಆಮೇಲೆ ಕರೆಯಿರಿ. ಹಾಲನ್ನು ಕಾಯಿಸದೆ ಯಾರಿಗೂ ಕೊಡಬೇಡಿ. ಕೆರೆಗೆ ಹೊಲಸು ಸೇರಿದರೆ ಬೆಳಗಿನ ಜಾವ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ, ನೀರಿನಲ್ಲಿ ಅವಕ್ಕೆ ಉಸಿರಿಲ್ಲ. ಅದನ್ನು ಕಂಡು ಕೆರೆಗೆ ಬ್ಲೀಚಿಂಗ್ ಪುಡಿ ಸುರಿದರೆ ಉಳಿದ ಮೀನೂ ಸಾಯುತ್ತವೆ.

ಇಷ್ಟೆಲ್ಲ ಮಾಡಿದರೂ ಯಾರಿಗಾದರೂ ಭೇದಿ ಹಿಡಿಯಿತೆನ್ನಿ. ಭೇದಿಯಲ್ಲಿ ಜನ ಸಾಯುವುದು ಹೆಚ್ಚಾಗಿ ಮೈಯ ನೀರೂ ಉಪ್ಪೂ ಬತ್ತಿ. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಮಗುವನ್ನು ಒಣಗಿಸಬೇಡಿ. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಹಾಕಿ ಕುಡಿಸುತ್ತಲೇ ಇರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಮಟ್ಟಸವಾಗಿ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಉಪ್ಪು ಹೆಚ್ಚಾಗಬಾರದು. ಮೊಲೆಹಾಲು ನಿಲ್ಲಿಸಬೇಡಿ, ಗಂಜಿ ನಿಲ್ಲಿಸಬೇಡಿ. ಮಕ್ಕಳಿಗೆ ಆಶಾ ಕಾರ್ಯಕರ್ತೆ ಸತುವಿನ ಮಾತ್ರೆಯನ್ನೂ ಕೊಡುತ್ತಾರೆ, ಭೇದಿ ನಿಂತರೂ ಅದನ್ನು ಹದಿನಾಲ್ಕು ದಿನ ನುಂಗಿಸಬೇಕು. ಗಂಜಿಯ ತಿಳಿಯಂಥ ಭೇದಿ ಧಾರೆಯಾಗಿ ಹೋದರೆ, ಮೂತ್ರ ನಿಂತರೆ, ಕಣ್ಣು ಗುಳಿಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಬಸುರಿಯ ಕಣ್ಣು ಹಳದಿಯಾದರೆ 108ಕ್ಕೆ ಫೋನು ಮಾಡಿ. ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರನ್ನು ಹುಡುಕಿಕೊಂಡು ಎರಡು ದಿನ ಕಳೆಯಬೇಡಿ.

ಒಂದೇ ಬೀದಿಯಲ್ಲಿ ಇಬ್ಬರಿಗೆ ಭೇದಿಯಾದರೆ ಅದು ಮನೆಯ ಕಾಯಿಲೆಯಲ್ಲ, ನೀರಿನ ಕಾಯಿಲೆ. ಮೂರನೆಯವರನ್ನು ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದಕ್ಕಾಗಿ ಅಂಗನವಾಡಿಯಲ್ಲಿ ಒಂದು ನೋಟುಬುಕ್ಕು ಇಡಿ. ಹೊಲಸು ನುಗ್ಗಿದ ದಿನಾಂಕವನ್ನು ಮೊದಲ ಪುಟದಲ್ಲಿ ಬರೆದು, ಅಲ್ಲಿಂದ ಹತ್ತು ವಾರ ಯಾರಿಗೆ ಭೇದಿ, ಯಾರಿಗೆ ಜ್ವರ, ಯಾರಿಗೆ ಕಾಮಾಲೆ, ಯಾವ ಬಾವಿಯ ನೀರು ಎಂದು ಬರೆಯುತ್ತ ಹೋಗಿ. ಬಾವಿಗೆ ಪುಡಿ ಹಾಕಿದ ದಿನವನ್ನೂ ಅದರಲ್ಲೇ ಬರೆಯಿರಿ.

ಒಡೆದ ಗುಂಡಿಯನ್ನು ಮತ್ತೆ ಅದೇ ಜಾಗದಲ್ಲಿ ಕಟ್ಟುವ ಮುಂಚೆ ಹಗ್ಗ ಹಿಡಿದು ಅಳೆಯಿರಿ. ನೀರು ಇಂಗುವ ಗುಂಡಿ ಬಾವಿಯಿಂದ 60 ಅಡಿಯಾದರೂ ದೂರವಿರಬೇಕು, ಇಳಿಜಾರಿನಲ್ಲಿ ಬಾವಿಗಿಂತ ಕೆಳಗಿರಬೇಕು. ಬಾವಿಯ ಕಟ್ಟೆ ಎರಡೂವರೆ ಅಡಿ ಎತ್ತರವಿರಲಿ, ಸುತ್ತ ಸಿಮೆಂಟಿನ ಜಗಲಿ, ಚೆಲ್ಲಿದ ನೀರು ದೂರ ಹೋಗಲು ಒಂದು ಕಾಲುವೆ. ಗುಂಡಿಯ ಹೂಳನ್ನು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲೇ ತೆಗೆಸಿ. ಟ್ಯಾಂಕರಿನವನಿಗೆ ದುಡ್ಡು ಕೊಡುವ ಮೊದಲು ಅದನ್ನು ಎಲ್ಲಿ ಸುರಿಯುತ್ತೀಯಪ್ಪಾ ಎಂದು ಕೇಳಿ, ಸಾಧ್ಯವಾದರೆ ಒಬ್ಬರು ಹಿಂದೆಯೇ ಬೈಕಿನಲ್ಲಿ ಹೋಗಿ ನೋಡಿ ಬನ್ನಿ. ಗುಂಡಿಯ ಮೇಲಿನ ಮಲ್ಲಿಗೆ ಕುಂಡವನ್ನು ಈ ಭಾನುವಾರವೇ ಪಕ್ಕಕ್ಕಿಟ್ಟು, ಚಪ್ಪಡಿ ಬಿರುಕು ಬಿಟ್ಟಿದೆಯೇ ಎಂದು ಹೊರಗಿನಿಂದ ನೋಡಿ. ಇಬ್ಬರು ಜೊತೆಗಿರಿ, ಬೀಡಿ ಹಚ್ಚಬೇಡಿ.